ಕಾವಲಿನಿಂದ ಕಕ್ಷೆಗೆ: ಚಳ್ಳಕೆರೆ ಸೀಮೆಯ ಸಾಗಾಣಿಕೆಯ ಚರಿತ್ರೆ

ಅಮೃತಮಹಲ್ ಕಾವಲುಗಳ ಚರಿತ್ರೆಯು ಬಹುಮಟ್ಟಿಗೆ ಸಾಗಾಣಿಕೆಯ ಚರಿತ್ರೆಯಾಗಿದೆ. ಚಿಕ್ಕದೇವರಾಜ ಒಡೆಯರ (೧೬೭೩-೧೭೦೪) ಕಾಲದ ‘ಬೆಣ್ಣೆ ಚಾವಡಿ’ಯು ಟಿಪ್ಪುವಿನ ಆಳ್ವಿಕೆಯಲ್ಲಿ ‘ಅಮೃತಮಹಲ್’ ಎಂಬ ಹೆಸರು ಪಡೆಯಿತು. ಹೆಸರು ಹಾಲುಬೆಣ್ಣೆಯದಾದರೂ ಅದರ ಎತ್ತುಗಳು ಖ್ಯಾತವಾದದ್ದು ಸೈನ್ಯದ ತೋಪು, ಸರಂಜಾಮುಗಳನ್ನು ಎಳೆದ ವೇಗಕ್ಕಾಗಿ. ಆ ವೇಗವನ್ನು ಸಾಕಿದ್ದು ಕಾವಲಿನ ಹುಲ್ಲು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸೀಮೆಯ ಕಾವಲು ನೆಲವು ಈ ಶತಮಾನದಲ್ಲಿ ಮತ್ತೊಂದು ಬಗೆಯ ಸಾಗಾಣಿಕೆಯ ಪ್ರಯೋಗಕ್ಕೆ ಎಡೆಯಾಗಿದೆ.

ರಾಕೆಟ್ ಉಡಾವಣೆಯು ದುಬಾರಿಯಾಗಲು ಮುಖ್ಯ ಕಾರಣ, ಒಮ್ಮೆ ಹಾರಿದ ವಾಹನವು ಮರಳಿ ಕೈಸೇರದಿರುವುದು. ಸಂತೆಗೆ ಹೋದವನು ಪ್ರತಿಸಲವೂ ಬಂಡಿ, ಎತ್ತುಗಳನ್ನು ಅಲ್ಲಿಯೇ ತೊರೆದು ಬಂದಂತೆ ಇದು. ಅಮೆರಿಕದ ಸ್ಪೇಸ್‌ಎಕ್ಸ್ ಸಂಸ್ಥೆಯು ೨೦೧೫ರ ಡಿಸೆಂಬರಿನಲ್ಲಿ ಫಾಲ್ಕನ್-೯ರ ಮೊದಲ ಹಂತವನ್ನು ನೆಲಕ್ಕಿಳಿಸಿತು; ೨೦೧೭ರ ಮಾರ್ಚಿನಲ್ಲಿ, ಹಾರಿಬಂದ ಹಂತವೊಂದನ್ನು ಮರುಬಳಸಿತು. ಇಸ್ರೋದ ರೆಕ್ಕೆಯುಳ್ಳ ‘ಪುಷ್ಪಕ್’ ವಾಹನವನ್ನು ಇಳಿಸುವ ಪರೀಕ್ಷೆಗಳು ೨೦೨೩ರ ಏಪ್ರಿಲ್, ೨೦೨೪ರ ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ ಚಳ್ಳಕೆರೆ ಬಳಿಯ ವೈಮಾನಿಕ ಪರೀಕ್ಷಾ ವಲಯದಲ್ಲಿ ನಡೆದವು. ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಹೆಲಿಕಾಪ್ಟರಿನಿಂದ ಬಿಡಲಾದ ವಾಹನವು ತಾನೇ ದಾರಿ ತಿದ್ದಿಕೊಂಡು ಓಡುದಾರಿಗೆ ಇಳಿಯಿತು. ಎರಡನೆಯ ಪರೀಕ್ಷೆಯ ರೆಕ್ಕೆಯೊಡಲೇ ಮೂರನೆಯದರಲ್ಲಿಯೂ ಬಳಕೆಯಾಯಿತು. ಆದರೆ ಇದಿನ್ನೂ ಪ್ರಾಯೋಗಿಕ ಮಾದರಿ; ಕಕ್ಷೆಗೆ ಹೋಗಿ ಮರಳುವ ವಾಹನವಲ್ಲ.

ಬಾಡಿಗೆ ಇಳಿದಂತೆ ಹೇರಿನ ಸ್ವರೂಪವೂ ಬದಲಾಗುತ್ತದೆ. ೧೯೮೮ರಲ್ಲಿ ಸೋವಿಯತ್ ರಾಕೆಟಿನಲ್ಲಿ ಏರಿದ ಐಆರ್‌ಎಸ್-೧ಎ ಉಪಗ್ರಹದ ತೂಕ ಸುಮಾರು ೯೭೫ ಕಿಲೋಗ್ರಾಂ. ೨೦೨೫ರ ಜನವರಿಯಲ್ಲಿ ಬೆಂಗಳೂರಿನ ಪಿಕ್ಸೆಲ್ ಸಂಸ್ಥೆಯ ಮೂರು ಸಣ್ಣ ಉಪಗ್ರಹಗಳು ಫಾಲ್ಕನ್-೯ರಲ್ಲಿ ಇತರ ಉಪಗ್ರಹಗಳೊಡನೆ ಸಹಪ್ರಯಾಣ ಮಾಡಿದವು. ಸರ್ಕಾರಗಳಿಗಷ್ಟೇ ಸಾಧ್ಯವಿದ್ದ ಭೂವೀಕ್ಷಣೆಯು ಹೀಗೆ ಅನ್ಯರ ಕೈಗೂ ಬಂದಿದೆ. ಬೆಳೆಯ ರೋಗ, ಮಣ್ಣಿನ ತೇವ, ಮೇವಿನ ಇಳುವರಿಗಳನ್ನು ಪದೇಪದೇ ಗಮನಿಸುವುದು ಸುಲಭವಾಗುತ್ತಿದೆ.

ಈ ಅಗ್ಗದ ಲೆಕ್ಕದಲ್ಲಿ ನೆಲದ ಬಾಬು ಸೇರಿಲ್ಲ. ೨೦೧೭ರ ಮೇ ತಿಂಗಳಲ್ಲಿ ಉದ್ಘಾಟನೆಗೊಂಡ ಪರೀಕ್ಷಾ ವಲಯದ ವಿಸ್ತೀರ್ಣ ೪,೨೯೦ ಎಕರೆ. ಕಾವಲುಗಳು ದಾಖಲೆಯಲ್ಲಿ ಸರ್ಕಾರದವು. ರೂಢಿಯಲ್ಲಿ ಸುತ್ತಲಿನ ದನಗಾಹಿ, ಕುರಿಗಾಹಿಗಳ ಬದುಕು. ಜುಂಜಪ್ಪನಂಥ ಪಶುಪಾಲಕ ವೀರನನ್ನು ಹಾಡುವ ಕಾಡುಗೊಲ್ಲರಿಗೂ, ದೇವರ ಎತ್ತುಗಳನ್ನು ಸಾಕುವ ಮ್ಯಾಸಬೇಡರಿಗೂ ಹುಲ್ಲುಗಾವಲು ಪಾಳುಭೂಮಿಯಲ್ಲ. ಕಾವಲಿಗೆ ಬೇಲಿ ಬಿದ್ದ ಬಗೆಗಿನ ತಕರಾರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಅಂದು ತೋಪು ಎಳೆದ ಎತ್ತಿನ ಮೇವನ್ನು ಕೊಟ್ಟ ನೆಲವೇ ಇಂದು ಆಕಾಶಯಾನದ ಬಾಡಿಗೆಯ ಒಂದು ಪಾಲನ್ನೂ ತೆರುತ್ತಿದೆ.

ಆದ್ದರಿಂದ ಬಾಹ್ಯಾಕಾಶದ ಫಲವು ಮೊದಲು ಹುಲ್ಲುಗಾವಲಿನವರಿಗೆ ಸಲ್ಲಬೇಕೆಂಬುದು ದಯೆಯ ಮಾತಲ್ಲ, ಋಣದ ಮಾತು. ಯಾವ ಮಳೆಗೆ ಯಾವ ಹುಲ್ಲು ಚಿಗುರುತ್ತದೆಂಬ ದನಗಾಹಿಯ ತಿಳಿವಳಿಕೆಯನ್ನು ಉಪಗ್ರಹ ಚಿತ್ರದೊಡನೆ ಇಟ್ಟು ನೋಡುವ ಕೆಲಸ ಆಗಬೇಕಿದೆ. ಗದಗ ಬಳಿಯ ನಾಗಾವಿಯಲ್ಲಿರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಂಥ ಸಂಸ್ಥೆಗಳು ಕೈಗೆತ್ತಿಕೊಳ್ಳಬಹುದಾದ ಕ್ಷೇತ್ರಕಾರ್ಯವಿದು. ಆಗ ಮೇಲಿನ ಚಿತ್ರಕ್ಕೆ ಕೆಳಗಿನ ನೆಲದ ಹೆಸರುಗಳೂ ಕೂಡಿಕೊಳ್ಳುತ್ತವೆ.