ಹೊಂಡ ಮೊರಬದಲ್ಲಿ, ಕೂಲಿ ಯಾವ ಸರ್ವರ್‌ನಲ್ಲಿ?

ನವಲಗುಂದ ತಾಲ್ಲೂಕಿನ ಮೊರಬದಲ್ಲಿ ನರೇಗಾ ಅಡಿ ಒಂದು ಕೃಷಿ ಹೊಂಡ ತೋಡಿದರು ಅಂದುಕೊಳ್ಳಿ. ಹೊಂಡ ಎರೆ ಹೊಲದಲ್ಲಿ ಕಣ್ಣಿಗೆ ಕಾಣುತ್ತದೆ, ಕೂಲಿ ಮಾತ್ರ ಒಬ್ಬಾಕೆಗೆ ಬಂದಿಲ್ಲ. ಪಂಚಾಯ್ತಿಯಲ್ಲಿ ‘ನಮ್ಮ ಕಡೆ ಎಲ್ಲಾ ಸರಿ ಐತ್ರಿ, ಬ್ಯಾಂಕಿಗೆ ಹೋಗ್ರಿ’ ಅಂತಾರೆ. ಬ್ಯಾಂಕಿನಲ್ಲಿ ‘ರೊಕ್ಕಾನ ಬಂದಿಲ್ಲ, ಪಂಚಾಯ್ತಿಗೇ ಕೇಳ್ರಿ’. ಇಬ್ಬರೂ ಸುಳ್ಳು ಹೇಳುತ್ತಿರಬೇಕೆಂದೇನಿಲ್ಲ. ಒಂದೇ ಕಾಮಗಾರಿಯ ಲೆಕ್ಕ ಮೂರು ಡೇಟಾಬೇಸ್‌ಗಳಲ್ಲಿ ಹಂಚಿಹೋಗಿದೆ. ಅವರಿಗೆ ಕಾಣುವುದು ಅವರವರ ತುಂಡು ಮಾತ್ರ.

ಮೊದಲನೆಯದು ಎನ್‌ಐಸಿ ರೂಪಿಸಿದ ನರೇಗಾಸಾಫ್ಟ್. ಕಾಮಗಾರಿಯ ಸಂಕೇತ, ಅಂದಾಜು ಮೊತ್ತ, ಜಾಬ್ ಕಾರ್ಡ್, ಎನ್‌ಎಂಆರ್, ಅಳತೆ ಎಲ್ಲ ಅಲ್ಲಿವೆ. ಅಲ್ಲಿ ತಯಾರಾದ ಎಫ್‌ಟಿಒ, ಅಂದರೆ ಹಣ ವರ್ಗಾವಣೆ ಆದೇಶ, ಹಣಕಾಸು ಸಚಿವಾಲಯದ ಪಿಎಫ್‌ಎಂಎಸ್‌ಗೆ ಹೋಗುತ್ತದೆ. ಅದು ಎರಡನೆಯದು.

ತೊಡಕು ಹೆಚ್ಚಾಗಿ ಮೂರನೆಯದರಲ್ಲಿ. 2024ರ ಜನವರಿ 1ರಿಂದ ಆಧಾರ್ ಮೂಲಕವೇ ಕೂಲಿ ಪಾವತಿ ಕಡ್ಡಾಯವಾಯಿತು. ಆಗ ಮಧ್ಯೆ ಬಂದದ್ದು ಎನ್‌ಪಿಸಿಐನ ಮ್ಯಾಪರ್. ಅದರಲ್ಲಿ ಖಾತೆ ಸಂಖ್ಯೆ ಇರುವುದಿಲ್ಲ. ಯಾವ ಆಧಾರ್‌ಗೆ ಯಾವ ಬ್ಯಾಂಕು ಅನ್ನುವುದಷ್ಟೇ ಇರುತ್ತದೆ, ಅದೂ ಕೊನೆಗೆ ಜೋಡಿಸಿದ ಬ್ಯಾಂಕು. ಗೃಹಲಕ್ಷ್ಮಿಗೆಂದು ಆಕೆ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು ಆಧಾರ್ ಜೋಡಿಸಿದ್ದರೆ ಕೂಲಿಯೂ ಅಲ್ಲಿಗೇ ಹೋಗಿರುತ್ತದೆ. ಆಕೆ ನೋಡುವುದು ಹಳೇ ಪಾಸ್‌ಬುಕ್ಕು! ಇನ್ನು ತಿರಸ್ಕೃತ ಪಾವತಿಯ ಮುಂದೆ ‘ಇನ್‌ಆಕ್ಟಿವ್ ಆಧಾರ್’ ಅಂತ ಬಂದರೆ ಆಧಾರ್ ಕಾರ್ಡು ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಸಾಮಾನ್ಯವಾಗಿ ಅದರರ್ಥ ಮ್ಯಾಪರ್‌ನಲ್ಲಿ ಕೊಂಡಿ ಕಳಚಿದೆ ಅಂತ. ಆಧಾರ್ ಕೇಂದ್ರಕ್ಕೆ ಓಡುವುದು ವ್ಯರ್ಥ, ಬ್ಯಾಂಕಿನಲ್ಲಿ ಜೋಡಣೆಯ ಅರ್ಜಿ ಕೊಡಬೇಕು.

ಕಾಯ್ದೆ ಹೇಳಿದ್ದು 15 ದಿನದೊಳಗೆ ಕೂಲಿ. ತಡವಾದರೆ ದಿನಕ್ಕೆ ಶೇ 0.05 ಪರಿಹಾರ. ಆದರೆ ತಡವನ್ನು ಎಣಿಸುತ್ತಿದ್ದದ್ದು ಎಫ್‌ಟಿಒ ತಯಾರಾಗುವವರೆಗೆ ಮಾತ್ರ. ಆಮೇಲಿನ ತಡ ಯಾರ ಲೆಕ್ಕಕ್ಕೂ ಇಲ್ಲ. 2018ರಲ್ಲಿ ಸ್ವರಾಜ್ ಅಭಿಯಾನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಾದವನ್ನು ಒಪ್ಪಲಿಲ್ಲ. ನನ್ನ ಪ್ರಕಾರ ಇದು ತಾಂತ್ರಿಕ ದೋಷವಲ್ಲ, ಎಲ್ಲಿಂದ ಎಲ್ಲಿಯವರೆಗೆ ಎಣಿಸಬೇಕು ಅಂತ ಕೂತು ಮಾಡಿದ ತೀರ್ಮಾನ.

ಹಾಗಾಗಿ ಊರಿನ ಕಡೆಯೂ ಒಂದು ಲೆಕ್ಕ ಬೇಕು. ನರೇಗಾ ಜಾಲತಾಣದ ವರದಿಗಳನ್ನು ಇಳಿಸಿಕೊಂಡು ಎಕ್ಸೆಲ್‌ನಲ್ಲಿ ಒಂದು ಪಟ್ಟಿ ಮಾಡಬಹುದು: ಕಾಮಗಾರಿ ಸಂಕೇತ, ಜಾಬ್ ಕಾರ್ಡ್, ಎನ್‌ಎಂಆರ್ ಸಂಖ್ಯೆ, ಎಫ್‌ಟಿಒ ಸಂಖ್ಯೆ ಮತ್ತು ದಿನಾಂಕ, ಪಾಸ್‌ಬುಕ್ಕಿಗೆ ದುಡ್ಡು ಬಿದ್ದ ದಿನ. ಕೊನೆಯದನ್ನು ಕೂಲಿಕಾರರನ್ನೇ ಕೇಳಿ ಬರೆಯಬೇಕು. ಹೆಸರು ನೋಡಿ ಸಾಲು ಹೊಂದಿಸಬೇಡಿ, ಒಂದೇ ಹೆಸರಿನವರು ಓಣಿಗೆ ಮೂವರು ಸಿಗುತ್ತಾರೆ, ಸಂಖ್ಯೆಯಿಂದಲೇ ಹೊಂದಿಸಿ. ಆಧಾರ್ ಸಂಖ್ಯೆ ಈ ಪಟ್ಟಿಗೆ ಬೇಡವೇ ಬೇಡ. ಖಾತೆ ಸಂಖ್ಯೆ ಬರೆಯಲೇಬೇಕಾದರೆ ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಮಾಡಿಕೊಳ್ಳಿ. ಇಲ್ಲದಿದ್ದರೆ ಎಕ್ಸೆಲ್ ಮುಂದಿನ ಸೊನ್ನೆ ನುಂಗುತ್ತದೆ, 15 ಅಂಕಿ ದಾಟಿದರೆ ಉಳಿದದ್ದನ್ನು ಸೊನ್ನೆ ಮಾಡಿಬಿಡುತ್ತದೆ. ನಮ್ಮ ಪಟ್ಟಿಯಲ್ಲಿ ತಿದ್ದಿದರೆ ಸರ್ವರ್‌ನಲ್ಲಿ ಏನೂ ಬದಲಾಗುವುದಿಲ್ಲ. ಆದರೆ ದೂರು ಪಂಚಾಯ್ತಿಗೋ ಬ್ಯಾಂಕಿಗೋ ಅನ್ನುವುದು ಯಾವ ಕಾಲಂ ಖಾಲಿ ಇದೆ ನೋಡಿದರೆ ತಿಳಿಯುತ್ತದೆ.