ಸರಿಯಾಗಿ ಬರೆದವರಿಗೆ ಒಂದು ಕಾರ್ಡು

ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದು ನಮ್ಮ ಜಿಲ್ಲೆಯಲ್ಲಿ. 1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ತಂದ. ಆ ಹೊತ್ತಿಗೆ ಮೂಡಬಿದಿರೆಯ ಬಸದಿಯಲ್ಲಿ ಧವಲಾ ಗ್ರಂಥದ ತಾಳೆಗರಿಗಳು ದರ್ಶನಕ್ಕಷ್ಟೇ ಇದ್ದವು, ಓದಿಗಲ್ಲ. ಅವು ಅಚ್ಚಾಗಿ ಹೊರಬರತೊಡಗಿದ್ದು 1939ರಲ್ಲಿ. ಅಕ್ಷರವನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸುವುದು ಒಂದು ದಾರಿ, ಬೀದಿಗೆ ತರುವುದು ಇನ್ನೊಂದು. ಆದರೆ ಬೀದಿಗೆ ಬಂದ ಅಕ್ಷರ ಯಾರ ಮಾತಾಡುತ್ತದೆ ಅನ್ನೋದೇ ನಮ್ಮ ಪ್ರಶ್ನೆ.

1920ರಲ್ಲಿ ಬಾಬಾಸಾಹೇಬರು ‘ಮೂಕನಾಯಕ’ ಶುರು ಮಾಡಿದಾಗ, ದುಡ್ಡು ಕೊಡ್ತೀವಿ ಅಂದರೂ ಅದರ ಜಾಹೀರಾತನ್ನು ‘ಕೇಸರಿ’ ಹಾಕಲಿಲ್ಲ. ನಮ್ಮ ಜನರ ಮಟ್ಟಿಗೆ ಪತ್ರಿಕೆಯ ಚರಿತ್ರೆ ಅಂದರೆ ಬಹಳಷ್ಟು ಇಂಥದ್ದೇ. ಹೆಸರು ಬರಲಿಲ್ಲ, ಬಂದರೂ ತಿರುಚಿ ಬಂತು.

ಕೊರಗರ ವಿಷಯ ನೋಡಿ. ಕಂಬಳಕ್ಕೆ ಮೊದಲು ಅವರನ್ನು ಕೋಣಗಳ ಹಾಗೆ ಓಡಿಸುವುದು, ಉಗುರು ಕೂದಲು ಬೆರೆಸಿದ ಅನ್ನ ತಿನ್ನಿಸುವುದು, ಇದಕ್ಕೆಲ್ಲ ‘ಅಜಲು’ ಅಂತ ಹೆಸರು. ಇದು ಅಪರಾಧ ಅಂತ ಕರ್ನಾಟಕದಲ್ಲಿ ಕಾನೂನಾದದ್ದು 2000ದಲ್ಲಿ. ಇಂಥದ್ದನ್ನು ‘ಸಂಪ್ರದಾಯ’ ಅಂತ ಬರೆದರೆ ಅನ್ಯಾಯಕ್ಕೆ ಬಿಳಿ ಬಟ್ಟೆ ಉಡಿಸಿದ ಹಾಗೆ. ‘ಅಪರಾಧ’ ಅಂತ ಬರೆದರೆ ಪೊಲೀಸರು ಬರಬೇಕಾಗುತ್ತದೆ. ಒಂದು ಪದದಲ್ಲಿ ಇಷ್ಟು ವ್ಯತ್ಯಾಸವಿದೆ.

ಈ ವ್ಯತ್ಯಾಸ ಬಲ್ಲವರೂ ಇದ್ದರು. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಓದುಗರಿಂದಲೇ ಹಣ ಕೂಡಿಸಿ ಮಂಗಳೂರಲ್ಲಿ ‘ಮುಂಗಾರು’ ತಂದರು. ಪತ್ರಿಕೆಗೆ ಧಣಿ ಇರಬಾರದು, ಓದುವವನೇ ಒಡೆಯ ಅನ್ನುವುದು ಅವರ ಹಂಬಲ. ದಿನೇಶ್ ಅಮೀನ್ ಮಟ್ಟು ಅವರಂಥವರು ಅಲ್ಲೇ ಬರೆಯಲು ಕಲಿತರು. ಆದರೆ ‘ಮುಂಗಾರು’ ಹೆಚ್ಚು ಕಾಲ ಬಾಳಲಿಲ್ಲ, ಹಣದ ಮುಗ್ಗಟ್ಟು ಅದನ್ನು ನುಂಗಿತು. ಒಳ್ಳೆಯ ಪತ್ರಿಕೆ ಬರೀ ಹೊಗಳಿಕೆಯಿಂದ ಬದುಕುವುದಿಲ್ಲ ಅಂತ ಅದು ಕಲಿಸಿ ಹೋಯಿತು.

2012ರ ಮಾರ್ಚಿಯಲ್ಲಿ ಬೆಳ್ತಂಗಡಿ ತಾಲೂಕಿನ ಕುತ್ಲೂರಿನಿಂದ ಪತ್ರಿಕೋದ್ಯಮ ವಿದ್ಯಾರ್ಥಿ ವಿಠಲ ಮಲೆಕುಡಿಯರನ್ನೂ ಅವರ ತಂದೆಯನ್ನೂ ಪೊಲೀಸರು ಹಿಡಿದರು. ನಕ್ಸಲರ ನಂಟಿದೆ ಅಂದರು. ಸಾಕ್ಷಿ ಏನು? ಭಗತ್ ಸಿಂಗನ ಬಗೆಗಿನ ಪುಸ್ತಕ, ಸೌಲಭ್ಯ ಕೊಡುವ ತನಕ ಚುನಾವಣೆ ಬಹಿಷ್ಕರಿಸೋಣ ಅನ್ನುವ ಕಾಗದ, ಪತ್ರಿಕೆಯ ಕತ್ತರಿಸಿದ ತುಣುಕುಗಳು. ಕಾಡಿನ ಹುಡುಗ ಪೇಪರು ಓದಿದ್ದೇ ಗುಮಾನಿಗೆ ಕಾರಣವಾಯಿತು! ಕೈಗೆ ಕೋಳ ಹಾಕಿಯೇ ಅವರನ್ನು ಪರೀಕ್ಷೆಗೆ ತಂದರು. ಆ ಚಿತ್ರ ಪತ್ರಿಕೆಗಳಲ್ಲಿ ಬಂತು, ನಾಡು ನೋಡಿತು. ‘ಶಂಕಿತ ನಕ್ಸಲ’ ಅಂತ ಬರೆಯುವುದು ಸುಲಭವಿತ್ತು. ‘ವಿದ್ಯಾರ್ಥಿ’ ಅಂತ ಬರೆದವರು ಕಷ್ಟದ ಕೆಲಸ ಮಾಡಿದರು. 2021ರ ಅಕ್ಟೋಬರಿನಲ್ಲಿ ಮಂಗಳೂರಿನ ನ್ಯಾಯಾಲಯ ತಂದೆ ಮಗ ಇಬ್ಬರನ್ನೂ ಬಿಡುಗಡೆ ಮಾಡಿತು. ಒಂಬತ್ತು ವರ್ಷ ಬೇಕಾಯಿತು.

2017ರಲ್ಲಿ ಬಂಟ್ವಾಳ ಉರಿಯಿತು. ಜೂನಿನಲ್ಲಿ ಒಬ್ಬ ಮುಸ್ಲಿಂ ಯುವಕನ ಕೊಲೆ, ಜುಲೈಯಲ್ಲಿ ಬಿ.ಸಿ. ರೋಡಿನಲ್ಲಿ ಒಬ್ಬ ಹಿಂದೂ ಯುವಕನ ಕೊಲೆ. ಎರಡನೆಯವನು ರಕ್ತದಲ್ಲಿ ಬಿದ್ದಿದ್ದಾಗ ಅವನನ್ನು ಎತ್ತಿ ಆಸ್ಪತ್ರೆಗೆ ಸಾಗಿಸಲು ಓಡಿ ಬಂದವರು ಹತ್ತಿರದಲ್ಲೇ ವ್ಯಾಪಾರ ಮಾಡುತ್ತಿದ್ದ ಒಬ್ಬ ಮುಸ್ಲಿಂ. ಇದನ್ನೂ ಬರೆದ ವರದಿಗಾರರಿದ್ದರು. ಆ ನಾಲ್ಕು ಸಾಲು ಎಷ್ಟು ಕಲ್ಲುಗಳನ್ನು ತಡೆದಿರಬಹುದು, ಲೆಕ್ಕ ಇಟ್ಟವರಿಲ್ಲ.

ಇಲ್ಲಿಂದ ಪ್ಯಾಲೆಸ್ತೀನಿಗೆ ಹೋಗೋಣ. ದೂರದ ಮಾತು ಯಾಕೆ ಅಂತ ಕೇಳಬೇಡಿ. 1938ರ ನವೆಂಬರಿನಲ್ಲಿ ಗಾಂಧೀಜಿ ‘ಹರಿಜನ’ ಪತ್ರಿಕೆಯಲ್ಲಿ ಪ್ಯಾಲೆಸ್ತೀನ್ ಅರಬರಿಗೆ ಸೇರಿದ್ದು ಅಂತ ಬರೆದರು. ಆ ಪತ್ರಿಕೆಯ ಹೆಸರಿನ ಜೊತೆ ನಮಗೆ ಜಗಳವಿದೆ, ಈ ಮಾತಿನ ಜೊತೆಗಿಲ್ಲ. 1947ರಲ್ಲಿ ವಿಶ್ವಸಂಸ್ಥೆಯಲ್ಲಿ ಭಾರತ ಅದರ ವಿಭಜನೆಯ ವಿರುದ್ಧ ಮತ ಹಾಕಿತು. ಆ ಯುದ್ಧದಲ್ಲಿ 7 ಲಕ್ಷಕ್ಕೂ ಮೀರಿದ ಜನ ಮನೆ ಬಿಟ್ಟರು.

2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತರು. ಅದು ಕೊಲೆ. ಆಮೇಲೆ ಗಾಜಾದಲ್ಲಿ ಇಸ್ರೇಲಿನ ಬಾಂಬಿಗೆ ಸತ್ತವರು ಹತ್ತಾರು ಸಾವಿರ. ಅದೂ ಕೊಲೆಯೇ. ಮೊದಲಿನದಕ್ಕೆ ‘ಕೊಂದರು’, ಎರಡನೆಯದಕ್ಕೆ ‘ಸತ್ತರು’ ಅಂತ ಬರೆಯುವ ವ್ಯಾಕರಣ ನಮಗೆ ಹೊಸದಲ್ಲ. ಕೇರಿಗೆ ಬೆಂಕಿ ಬಿದ್ದಾಗ ‘ಗುಂಪು ಘರ್ಷಣೆ’ ಅನ್ನುವ ವ್ಯಾಕರಣ ಅದೇ. ಪ್ಯಾಲೆಸ್ತೀನಿ ಅಂದ ಕೂಡಲೇ ಭಯೋತ್ಪಾದಕ ಅಂದುಕೊಳ್ಳುವುದೂ ಜಾತಿಯ ಹಾಗೆಯೇ ಹುಟ್ಟಿನ ಮೇಲೆ ಹಾಕುವ ಮುದ್ರೆ. ಆ ಮುದ್ರೆ ಒರೆಸಲು ಗಾಜಾದ ವರದಿಗಾರರು ಪ್ರಾಣ ಕೊಟ್ಟಿದ್ದಾರೆ. 2025ರ ಹೊತ್ತಿಗೆ ಹೀಗೆ ಸತ್ತವರು 200ಕ್ಕೂ ಹೆಚ್ಚು. ಅವರಿಗಿಂತ ಮೊದಲೇ, 2022ರ ಮೇ 11ರಂದು, ಜೆನಿನ್‌ನಲ್ಲಿ ಶಿರೀನ್ ಅಬು ಅಕ್ಲೇ ‘ಪ್ರೆಸ್’ ಅಂತ ಬರೆದ ಕವಚ ತೊಟ್ಟಿದ್ದಾಗಲೇ ಗುಂಡಿಗೆ ಬಲಿಯಾದರು.

ಅದಕ್ಕೇ ಗೆಳೆಯರೇ, ಸುಳ್ಳು ಬರೆದವರನ್ನು ಬೈಯುವುದರ ಜೊತೆ ಇನ್ನೊಂದು ಕೆಲಸ ನಮ್ಮ ಮೇಲಿದೆ. ಪತ್ರಿಕಾ ಕಚೇರಿಗೆ ಬೆದರಿಕೆ ಕಾಗದ ತಾನಾಗಿ ಬರುತ್ತೆ, ಜಾಹೀರಾತುದಾರನ ಸಿಟ್ಟೂ ಬರುತ್ತೆ. ಸರಿಯಾಗಿ ಬರೆದ ವರದಿಗಾರನ ಬೆನ್ನಿಗೆ ಯಾರಿದ್ದಾರೆ ಅಂತ ಸಂಪಾದಕನಿಗೆ ಗೊತ್ತಾಗೋದು ಹೇಗೆ? ಒಂದು ಕಾರ್ಡು ಹಾಕಿ. ಯಾವ ದಿನದ ಪತ್ರಿಕೆ, ಯಾವ ವರದಿ, ಯಾವ ಪದ ಸರಿಯಿತ್ತು ಅಂತ ಬರೆಯಿರಿ. ಮೇಷ್ಟ್ರುಗಳು ಆ ವರದಿಯನ್ನು ತರಗತಿಯಲ್ಲಿ ಓದಿಸಲಿ. ಹುಡುಗರು ಒಂದೇ ಸುದ್ದಿಯನ್ನು ಎರಡು ಪತ್ರಿಕೆಯಲ್ಲಿ ಹೋಲಿಸಲಿ. ಕೈಲಾದವರು ಚಂದಾ ಕಟ್ಟಲಿ. ‘ಮುಂಗಾರು’ ಮತ್ತೆ ಬರುವುದಿಲ್ಲ. ಈಗ ನೆಟ್ಟಗೆ ಬರೆಯುತ್ತಿರುವವರನ್ನಾದರೂ ಒಂಟಿಯಾಗಿ ಬಿಡದಿರೋಣ.