ಮಣ್ಣಿನ ಅಂಕಣದಿಂದ ಮ್ಯಾಟಿಗೆ: ಕಬಡ್ಡಿಯ ಸಾರ್ವಕಾಲಿಕ ಶ್ರೇಷ್ಠರ ಚರ್ಚೆ

ಕಬಡ್ಡಿಯಲ್ಲಿ ಎಲ್ಲ ಕಾಲಕ್ಕೂ ಶ್ರೇಷ್ಠ ಆಟಗಾರ ಯಾರು ಎಂಬ ಚರ್ಚೆ ಎರಡು ಕಾಲಗಳಲ್ಲಿ ಎರಡು ಬಗೆಯಾಗಿ ನಡೆದಿದೆ. 2014ರ ಜುಲೈ 26ರಂದು ಪ್ರೊ ಕಬಡ್ಡಿ ಲೀಗ್ ಶುರುವಾಗುವವರೆಗೆ ಅದು ಕಂಡವರ ನೆನಪಿನ ಮೇಲೆ ನಿಂತಿತ್ತು. ಅಲ್ಲಿಂದ ಈಚೆಗೆ ಅಂಕಿಗಳ ಮೇಲೆ ನಿಂತಿದೆ. ಹೀಗಾಗಿ ಮೊದಲನೆಯ ಕಾಲದವರು ಎರಡನೆಯ ಕಾಲದ ಪಟ್ಟಿಗಳಲ್ಲಿ ಸೋಲುತ್ತಾರೆ; ಆಟದಲ್ಲಿ ಸೋತು ಅಲ್ಲ, ದಾಖಲೆಯಿಲ್ಲದೆ.

ಆಟಕ್ಕೆ ಒಂದೇ ನಿಯಮ ಇಲ್ಲದಿದ್ದ ದಿನಗಳಲ್ಲಿ ಶ್ರೇಷ್ಠತೆಗೂ ಒಂದೇ ಅರ್ಥ ಇರಲಿಲ್ಲ. ಮಹಾರಾಷ್ಟ್ರದಲ್ಲಿ ಹುತುತು, ತಮಿಳುನಾಡಿನಲ್ಲಿ ಸಡುಗುಡು, ಬಂಗಾಳದಲ್ಲಿ ಹಾಡುಡು ಎಂದು ಕರೆಸಿಕೊಳ್ಳುತ್ತಿದ್ದ ಈ ಆಟಕ್ಕೆ ಸಂಜೀವನಿ, ಗಾಮಿನಿ, ಅಮರ್ ಎಂಬ ಮೂರು ಪದ್ಧತಿಗಳಿದ್ದವು. ಸಂಜೀವನಿಯಲ್ಲಿ ಎದುರಾಳಿ ಒಬ್ಬ ಔಟಾದರೆ ತನ್ನ ಕಡೆಯ ಒಬ್ಬ ಮರಳಿ ಒಳಗೆ ಬರುತ್ತಾನೆ. ಗಾಮಿನಿಯಲ್ಲಿ ಔಟಾದವನು ತಂಡ ಪೂರ್ತಿ ಖಾಲಿಯಾಗುವವರೆಗೆ ಹೊರಗೇ ಕೂರಬೇಕು. ಅಮರ್‌ನಲ್ಲಿ ಯಾರೂ ಹೊರಗೆ ಹೋಗುವುದಿಲ್ಲ, ಅಂಕ ಮಾತ್ರ ಎದುರಾಳಿಗೆ ಸೇರುತ್ತದೆ. ಗಾಮಿನಿ ಆಡುವ ಊರಿನಲ್ಲಿ ಕೊನೆಯವರೆಗೆ ಸಿಕ್ಕಿಬೀಳದೆ ಉಳಿಯುವವನೇ ದೊಡ್ಡವನು. ಅಮರ್ ಆಡುವ ಊರಿನಲ್ಲಿ ಹತ್ತು ಸಲ ಸಿಕ್ಕಿಬಿದ್ದರೂ ಹನ್ನೆರಡು ಮಂದಿಯನ್ನು ಮುಟ್ಟಿ ಬಂದವನು ದೊಡ್ಡವನು. ಇಂದಿನ ಆಟ ಸಂಜೀವನಿಯಿಂದ ಬೆಳೆದದ್ದು. ಬೇರೆ ಪದ್ಧತಿ ಗೆದ್ದಿದ್ದರೆ ಇಂದಿನ ಶ್ರೇಷ್ಠರ ಪಟ್ಟಿಯೂ ಬೇರೆಯೇ ಆಗಿರುತ್ತಿತ್ತು.

1936ರ ಬರ್ಲಿನ್ ಒಲಿಂಪಿಕ್ಸ್ ಹೊತ್ತಿನಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿ ಈ ಆಟವನ್ನು ಅಲ್ಲಿ ಪ್ರದರ್ಶಿಸಿತು. 1950ರಲ್ಲಿ ಅಖಿಲ ಭಾರತ ಫೆಡರೇಷನ್ ಹುಟ್ಟಿತು. 1952ರಿಂದ ಪುರುಷರ, 1955ರಿಂದ ಮಹಿಳೆಯರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳು ನಡೆದವು. ಇಷ್ಟಾದರೂ ಆಟದ ಬೇರು ಊರುಗಳಲ್ಲೇ ಉಳಿಯಿತು.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಂದನಕೆರೆ, ಅದರ ನೆರೆಯ ತಿಪಟೂರು, ತುರುವೇಕೆರೆ ತಾಲ್ಲೂಕುಗಳ ತೆಂಗಿನ ಸೀಮೆಯಂಥ ಕಡೆಗಳಲ್ಲಿ ಈ ಹಳೆಯ ಚರ್ಚೆ ಹೇಗೆ ಹುಟ್ಟುತ್ತದೆ ಎಂಬುದನ್ನು ಹತ್ತಿರದಿಂದ ನೋಡಬಹುದು. ಜಾತ್ರೆಗೋ ಗಣೇಶನ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ‘ಹೊನಲು ಬೆಳಕಿನ ಕಬಡ್ಡಿ’ ಎಂದು ಬ್ಯಾನರ್ ಕಟ್ಟುತ್ತಾರೆ. ಬಯಲಿನ ಮಣ್ಣು ಕೆದಕಿ, ಕಲ್ಲು ಆರಿಸಿ, ನೀರು ಚಿಮುಕಿಸಿ ಹದ ಮಾಡಿ, ಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ಮೈಕ್ ಹಿಡಿದವನ ಪಕ್ಕದ ಮೇಜಿನ ಮೇಲೆ ಒಂದು ಹಾಳೆ. ಅದರಲ್ಲಿ ಎರಡೂ ತಂಡಗಳ ಹೆಸರಿನ ಕೆಳಗೆ ಒಂದರಿಂದ ಸಾಲಾಗಿ ಅಂಕಿಗಳು. ಅಂಕ ಬಂದಂತೆಲ್ಲ ಒಂದೊಂದಕ್ಕೆ ಗೀಟು. ಪಂದ್ಯ ಮುಗಿದಾಗ ತಂಡದ ಮೊತ್ತ ಆ ಹಾಳೆಯಲ್ಲಿ ಉಳಿಯುತ್ತದೆ. ಎಡ ಮೂಲೆಯಲ್ಲಿ ನಿಂತು ಮೂರು ಸಲ ಕಣಕಾಲು ಹಿಡಿದು ಪಂದ್ಯ ತಿರುಗಿಸಿದವನ ಸುಳಿವು ಅದರಲ್ಲಿರುವುದಿಲ್ಲ. ಬೆಳಗಿನ ಜಾವ ಫೈನಲ್ ಮುಗಿದು ಟ್ರೋಫಿ ಕೊಡುವ ಹೊತ್ತಿಗೆ ಹಾಳೆಯೂ ಎಲ್ಲೋ ಹೋಗಿರುತ್ತದೆ. ಮರುದಿನ ಟೀ ಅಂಗಡಿಯ ಮುಂದೆ, ಕಾಯಿ ಸುಲಿಯುವ ಕಣದಲ್ಲಿ ಉಳಿಯುವುದು ಮಾತು. ಆ ಮಾತಿನಲ್ಲಿ ಹಿಡಿತಗಾರನಿಗೂ ದಾಳಿಗಾರನಷ್ಟೇ ಜಾಗ ಇರುತ್ತದೆ ಎಂಬುದನ್ನು ಗಮನಿಸಬೇಕು, ಏಕೆಂದರೆ ಮುಂದೆ ಅಂಕಿ ಬಂದಾಗ ಹೆಚ್ಚು ಕಳೆದುಕೊಂಡವನು ಅವನೇ.

ಊರಿನ ಆಟದಿಂದ ಮೇಲೆ ಬಂದವರಿಗೆ 2014ರವರೆಗೆ ಕಬಡ್ಡಿ ವೃತ್ತಿಯೆಂದರೆ ಕ್ರೀಡಾ ಕೋಟಾದ ನೌಕರಿ. ರೈಲ್ವೆ, ಸೇನೆ, ಪೊಲೀಸ್, ಬ್ಯಾಂಕುಗಳು ತಂಡ ಕಟ್ಟುತ್ತಿದ್ದವು. ಕರ್ನಾಟಕದಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ತಂಡಕ್ಕೆ ದೊಡ್ಡ ಹೆಸರಿತ್ತು. 2017ರಲ್ಲಿ ಆ ಬ್ಯಾಂಕೇ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು. ಆ ಕಾಲದ ಶ್ರೇಷ್ಠರನ್ನು ಗುರುತಿಸಲು ಕೈಗೆ ಸಿಗುವ ಅಳತೆ ಪ್ರಶಸ್ತಿ, ಪದಕ ಎರಡೇ. 1972ರಲ್ಲಿ ಸದಾನಂದ ಶೇಟ್ಯೆ ಅವರಿಂದ ಶುರುವಾದ ಕಬಡ್ಡಿಯ ಅರ್ಜುನ ಪ್ರಶಸ್ತಿ ಕರ್ನಾಟಕಕ್ಕೆ 2000ದಲ್ಲಿ ಸಿ. ಹೊನ್ನಪ್ಪ, 2001ರಲ್ಲಿ ಬಿ.ಸಿ. ರಮೇಶ್, 2011ರಲ್ಲಿ ವಿ. ತೇಜಸ್ವಿನಿ ಬಾಯಿ, 2014ರಲ್ಲಿ ಮಮತಾ ಪೂಜಾರಿ ಮೂಲಕ ಬಂತು.

ಪದಕದ ಅಳತೆಯಲ್ಲಿ ಒಂದು ವಿಚಿತ್ರ ತೊಡಕಿದೆ. 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಿಂದ 2014ರ ಇಂಚಾನ್‌ವರೆಗೆ ಏಳಕ್ಕೆ ಏಳು ಚಿನ್ನವನ್ನೂ ಭಾರತದ ಪುರುಷರೇ ಗೆದ್ದರು. ತಂಡಕ್ಕೆ ಸೇರಿದವರೆಲ್ಲರಿಗೂ ಚಿನ್ನ ಸಿಕ್ಕಾಗ, ಅವರಲ್ಲಿ ಯಾರು ದೊಡ್ಡವರು ಎಂಬುದನ್ನು ಚಿನ್ನ ಹೇಳಲಾರದು. 2018ರ ಜಕಾರ್ತದ ಸೆಮಿಫೈನಲ್‌ನಲ್ಲಿ ಇರಾನ್ 27-18ರಿಂದ ಭಾರತವನ್ನು ಸೋಲಿಸಿದ ಮೇಲೆಯೇ ಶ್ರೇಷ್ಠರ ಪಟ್ಟಿಗೆ ಹೊರಗಿನ ಹೆಸರೊಂದನ್ನು ಸೇರಿಸುವ ಮಾತು ಗಟ್ಟಿಯಾಗಿ ಕೇಳಿಬಂತು. ಆ ಹೆಸರು ಇರಾನಿನ ಎಡ ಮೂಲೆಯ ಆಟಗಾರ ಫಜಲ್ ಅತ್ರಾಚಲಿ.

ಲೆಕ್ಕ ಇಡದ ಕಾಲದವರನ್ನು ಲೆಕ್ಕ ಇಟ್ಟ ಕಾಲದವರ ಜೊತೆ ತೂಗುವ ಕಷ್ಟ ಕಬಡ್ಡಿಗೆ ಮಾತ್ರ ಬಂದದ್ದಲ್ಲ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಚೆಂಡು ತಡೆದದ್ದನ್ನೂ ಕಸಿದದ್ದನ್ನೂ ಅಧಿಕೃತವಾಗಿ ಎಣಿಸಲು ಶುರುಮಾಡಿದ್ದು 1973-74ರ ಋತುವಿನಲ್ಲಿ. ಬಾಸ್ಟನ್ ಸೆಲ್ಟಿಕ್ಸ್ ಪರ 13 ಋತುಗಳಲ್ಲಿ 11 ಪ್ರಶಸ್ತಿ ಗೆದ್ದ ಬಿಲ್ ರಸೆಲ್, ಚೆಂಡು ತಡೆಯುವುದರಲ್ಲಿ ಎತ್ತಿದ ಕೈ, 1969ರಲ್ಲೇ ಆಟ ಬಿಟ್ಟಿದ್ದರು. ಅವರ ದೊಡ್ಡ ವಿದ್ಯೆಗೆ ಅಂಕಿಯೇ ಇಲ್ಲ. ಅವರ ಎದುರಾಳಿ ವಿಲ್ಟ್ ಚೇಂಬರ್ಲೇನ್ 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದರು. ಆ ಪಂದ್ಯದ ಚಿತ್ರೀಕರಣ ಉಳಿದಿಲ್ಲ. ಅಂಕಿ ಇರುವುದರಿಂದ ಸಾಧನೆ ಇಂದಿಗೂ ಪ್ರತಿ ಪಟ್ಟಿಯಲ್ಲೂ ಇದೆ. ಮೈಕೆಲ್ ಜೋರ್ಡನ್ನೋ ಲೆಬ್ರಾನ್ ಜೇಮ್ಸೋ ಎಂದು ವಾದಿಸುವವರು ರಸೆಲ್ ಹೆಸರನ್ನು ಗೌರವಕ್ಕೆ ಒಮ್ಮೆ ಹೇಳಿ ಮುಂದೆ ಹೋಗುತ್ತಾರೆ.

ಕಬಡ್ಡಿಗೆ ಅಂಥ ಎಣಿಕೆಯನ್ನು ತಂದದ್ದು ಪ್ರೊ ಕಬಡ್ಡಿ. ಮಣ್ಣಿನ ಬದಲು ಮ್ಯಾಟ್, ದಾಳಿಗೆ 30 ಸೆಕೆಂಡಿನ ಗಡಿಯಾರ, ಎರಡು ದಾಳಿ ಬರಿಗೈಯಲ್ಲಿ ಬಂದರೆ ಮೂರನೆಯದರಲ್ಲಿ ಅಂಕ ತರಲೇಬೇಕೆಂಬ ‘ಡೂ ಆರ್ ಡೈ’, ಮೂವರೋ ಅದಕ್ಕಿಂತ ಕಡಿಮೆಯೋ ಇದ್ದಾಗ ಹಿಡಿದರೆ ಹೆಚ್ಚುವರಿ ಅಂಕ ಕೊಡುವ ‘ಸೂಪರ್ ಟ್ಯಾಕಲ್’. ದಾಳಿಯಲ್ಲಿ ಹತ್ತು ಅಂಕ ಬಂದರೆ ‘ಸೂಪರ್ ಟೆನ್’, ಹಿಡಿತದಲ್ಲಿ ಐದು ಬಂದರೆ ‘ಹೈ ಫೈವ್’. ಯಾವ ಅಂಕ ಯಾರದೆಂದು ಪರದೆಯ ಮೇಲೆ ಆ ಕ್ಷಣದಲ್ಲೇ ಕಾಣತೊಡಗಿತು. ಬೆಲೆಯೂ ಏರಿತು: ಮೊದಲ ಹರಾಜಿನಲ್ಲಿ ಅತಿ ಹೆಚ್ಚಿನ ಬೆಲೆ ರಾಕೇಶ್ ಕುಮಾರ್‌ಗೆ ಸಿಕ್ಕ 12.8 ಲಕ್ಷ ರೂಪಾಯಿ. 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್‌ಗೆ ತೆಲುಗು ಟೈಟನ್ಸ್ ಕೊಟ್ಟದ್ದು 2.605 ಕೋಟಿ.

ಅಂಕಿಯ ಪಟ್ಟಿಯಲ್ಲಿ ಪ್ರದೀಪ್ ನರ್ವಾಲ್ ಅವರನ್ನು ಮುಟ್ಟುವವರಿಲ್ಲ. ಹಿಡಿಯಲು ಬಂದವರ ತೋಳಿನ ಕೆಳಗೆ ತಲೆ ತಗ್ಗಿಸಿ ನುಸುಳುವ ‘ಡುಬ್ಕಿ’ ಅವರ ಗುರುತು. ಲೀಗ್‌ನಲ್ಲಿ 1,800ಕ್ಕೂ ಹೆಚ್ಚು ದಾಳಿ ಅಂಕ ಅವರ ಹೆಸರಿನಲ್ಲಿವೆ. ಐದನೆಯ ಆವೃತ್ತಿ ಒಂದರಲ್ಲೇ 369. ಅದೇ 2017ರಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 34 ಅಂಕ ತಂದರು. ಆಗಿನ ಅವರ ತಂಡ ಪಟ್ನಾ ಪೈರೇಟ್ಸ್ ಮೂರು, ನಾಲ್ಕು, ಐದನೆಯ ಆವೃತ್ತಿಗಳನ್ನು ಸಾಲಾಗಿ ಗೆದ್ದದ್ದು ಅವರ ಕಾಲದಲ್ಲೇ.

ಕರ್ನಾಟಕದ ಪ್ರೇಕ್ಷಕರ ಒಲವು ಬೇರೆ ಕಡೆಗೆ. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ 38-33ರಿಂದ ಗುಜರಾತ್ ತಂಡವನ್ನು ಸೋಲಿಸಿತು; ಆ 38ರಲ್ಲಿ 22 ಅಂಕ ಪವನ್ ಸೆಹ್ರಾವತ್ ಒಬ್ಬರವು. ಅದೇ ವರ್ಷ ಅಕ್ಟೋಬರ್ 2ರಂದು ಹರಿಯಾಣ ಸ್ಟೀಲರ್ಸ್ ವಿರುದ್ಧ ಅವರು ತಂದ 39 ಅಂಕ ಪ್ರದೀಪ್ ಅವರ 34ನ್ನು ಹಿಂದೆ ಹಾಕಿತು. ಒಟ್ಟು ಮೊತ್ತ ಹಿಡಿದವರು ಪ್ರದೀಪ್ ಎನ್ನುತ್ತಾರೆ, ಒಂದು ರಾತ್ರಿಯ ಆಟ ಹಿಡಿದವರು ಪವನ್ ಎನ್ನುತ್ತಾರೆ. ಮೂರನೆಯ ಪಕ್ಷವೊಂದಿದೆ: ಅಂಕ ಕಡಿಮೆಯಾದರೂ ಪಂದ್ಯದ ಓಟವನ್ನು ಬೇಕಾದಾಗ ನಿಧಾನಿಸಿ, ಬೇಕಾದಾಗ ಬೋನಸ್ ಗೆರೆ ಮುಟ್ಟಿ ಬರುತ್ತಿದ್ದ, 2016ರ ವಿಶ್ವಕಪ್ ಗೆದ್ದ ತಂಡದ ನಾಯಕ ಅನೂಪ್ ಕುಮಾರ್ ಅವರದು.

ಈ ಮೂವರೂ ದಾಳಿಗಾರರು. ಅದು ಆಕಸ್ಮಿಕವಲ್ಲ. ದಾಳಿಗಾರ ಒಂದು ಸಲ ಹೋಗಿ ಮೂವರನ್ನು ಮುಟ್ಟಿ ಬಂದರೆ ಮೂರೂ ಅಂಕ ಅವನದೇ, ಬೋನಸ್ ಬೇರೆ. ಹಿಡಿತಕ್ಕೆ ಸಿಗುವುದು ಸಾಮಾನ್ಯವಾಗಿ ಒಂದೇ ಅಂಕ, ಅದೂ ಮೊದಲು ಹಿಡಿದವನಿಗೆ. ಮೂಲೆಯವನು ಕಾಲು ಹಿಡಿದಾಗ ಕವರ್‌ನವನು ಅಡ್ಡ ಬಂದು ಮಧ್ಯಗೆರೆಗೆ ಕೈ ಚಾಚದಂತೆ ತಡೆದದ್ದು ಯಾವ ಖಾತೆಗೂ ಹೋಗುವುದಿಲ್ಲ. ಫಜಲ್ ಅತ್ರಾಚಲಿ ಲೀಗ್‌ನಲ್ಲಿ 500 ಹಿಡಿತದ ಅಂಕ ದಾಟಿದ ಮೊದಲಿಗರು. ಪ್ರದೀಪ್ ಅವರ 1,800ರ ಪಕ್ಕ ಇಟ್ಟರೆ ಚಿಕ್ಕದಾಗಿ ಕಾಣುವ ಈ 500 ನಿಜಕ್ಕೂ ಅಷ್ಟೇ ತೂಕದ್ದು. ಮೊದಲ ಎರಡು ಆವೃತ್ತಿಗಳಲ್ಲಿ ಬೆಂಗಳೂರು ಬುಲ್ಸ್ ನಾಯಕರಾಗಿದ್ದ ಮಂಜೀತ್ ಛಿಲ್ಲರ್ ಹಿಡಿತದಲ್ಲೂ ದಾಳಿಯಲ್ಲೂ ನೂರಾರು ಅಂಕ ತಂದವರು. ಆಲ್‌ರೌಂಡರ್ ಎಂಬ ಕಾರಣಕ್ಕೇ ಶ್ರೇಷ್ಠರ ಚರ್ಚೆಯಲ್ಲಿ ಅವರ ಹೆಸರು ಮೊದಲು ಬರುವುದಿಲ್ಲ.

ತರಬೇತುದಾರರ ಪಾಲು ಇನ್ನೂ ಮಸುಕು. ಅರ್ಜುನ ಪ್ರಶಸ್ತಿಯ ಬಿ.ಸಿ. ರಮೇಶ್ ಅವರ ಗರಡಿಯಲ್ಲಿ 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರ ಮಾರ್ಚ್ 1ರಂದು ಪುಣೇರಿ ಪಲ್ಟನ್ ಪ್ರಶಸ್ತಿ ಗೆದ್ದವು. ಆಟಗಾರ ರಮೇಶ್ ಅವರ ಅಂಕಗಳನ್ನು ಹುಡುಕಿದರೆ ಲೀಗ್‌ನ ಖಾತೆಯಲ್ಲಿ ಒಂದೂ ಸಿಗದು.

ಮಹಿಳೆಯರ ಚರ್ಚೆಗೆ ಇಷ್ಟು ಸಾಮಗ್ರಿಯೂ ಇಲ್ಲ. ಏಷ್ಯನ್ ಗೇಮ್ಸ್‌ಗೆ ಮಹಿಳಾ ಕಬಡ್ಡಿ ಬಂದದ್ದೇ 2010ರಲ್ಲಿ. 2010 ಮತ್ತು 2014ರ ಚಿನ್ನದ ತಂಡಗಳೆರಡರಲ್ಲೂ ತೇಜಸ್ವಿನಿ ಬಾಯಿ, ಕಾರ್ಕಳ ಸೀಮೆಯ ಮಮತಾ ಪೂಜಾರಿ ಇಬ್ಬರೂ ಇದ್ದರು. ಕರ್ನಾಟಕದ ಶ್ರೇಷ್ಠ ಕಬಡ್ಡಿಪಟು ಯಾರು ಎಂದು ಕೇಳಿದರೆ, ಪುರುಷರ ಹೆಸರುಗಳಿಗಿಂತ ಮೊದಲು ಈ ಎರಡು ಹೆಸರು ಬರಬೇಕೆಂದು ವಾದಿಸಲು ಸಾಕಷ್ಟು ಆಧಾರವಿದೆ. ಪ್ರೊ ಕಬಡ್ಡಿ ಮಹಿಳೆಯರಿಗಾಗಿ ಲೀಗ್ ಕಟ್ಟಲು ಒಂದೇ ಸಲ ಕೈಹಾಕಿತು, 2016ರಲ್ಲಿ, ಮೂರು ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್ ಹೆಸರಿನಲ್ಲಿ. ಮೂವರು ನಾಯಕಿಯರಲ್ಲಿ ಇಬ್ಬರು ಕನ್ನಡತಿಯರು: ಸ್ಟಾರ್ಮ್ ಕ್ವೀನ್ಸ್‌ಗೆ ತೇಜಸ್ವಿನಿ, ಫೈರ್ ಬರ್ಡ್ಸ್‌ಗೆ ಮಮತಾ. ಜುಲೈ 31ರಂದು ಹೈದರಾಬಾದಿನಲ್ಲಿ ಈ ಎರಡೇ ತಂಡಗಳ ನಡುವೆ ಫೈನಲ್ ನಡೆದು ಸ್ಟಾರ್ಮ್ ಕ್ವೀನ್ಸ್ 24-23ರಿಂದ ಗೆದ್ದಿತು. ಆ ಪಂದ್ಯಾವಳಿಗೆ ಎರಡನೆಯ ಆವೃತ್ತಿ ಬರಲಿಲ್ಲ.